ಗವಾ ಕುಡಿದ ನೀರು

ದಾಜಿಪುರದ ಕಾಡಿನ ಹಳ್ಳದ ಹತ್ತಿರ ಜೀಪು ನಿಂತಾಗ ಹೊತ್ತು ಮುಳುಗುವುದರಲ್ಲಿತ್ತು. ನಮ್ಮ ಸದಲಗಾದ ಕಾಕು, ಅಂದರೆ ಚಿಕ್ಕಮ್ಮ, ಜೈನರ ಪದ್ಧತಿಯಂತೆ ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವಳಲ್ಲ. ಅವಳ ನೇಮಕ್ಕೆ ಮನೆಮಂದಿಯೆಲ್ಲ ಹೆದರುತ್ತೇವೆ. ಅವಸರದಿಂದ ಬುತ್ತಿಯ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳಕ್ಕೆ ಕೈ ಹಾಕಿದಳು. ಆಗಲೇ ಹಳ್ಳದ ಆಚೆ ಕರ್ರಗೆ ಏನೋ ಅಲುಗಾಡಿತು.

"ಯಾರ್ದೋ ಎಮ್ಮಿ ತಪ್ಪಿಸ್ಕೊಂಡ್ ಬಂದೈತಿ ನೋಡ," ಅಂದಳು.

ಎಮ್ಮೆಯಲ್ಲ, ಕಾಡುಕೋಣ. ನಮ್ಮ ಕಡೆ ಗವಾ ಅಂತೇವೆ. ಮೊದಲು ಒಂದು, ಅದರ ಹಿಂದೆ ಇಡೀ ಹಿಂಡು. ಗುಡ್ಡವೇ ಎದ್ದು ಬಂದಂಥ ಹೆಗಲು, ಮೊಣಕಾಲಿನ ಕೆಳಗೆ ಬಿಳಿ ಸಾಕ್ಸ್ ತೊಟ್ಟಂಥ ಕಾಲು. ಅಷ್ಟು ಭಾರದ ಪ್ರಾಣಿಗಳು ಒಣ ಎಲೆಯ ಮೇಲೆ ಸಪ್ಪಳವಿಲ್ಲದೆ ಇಳಿದು ಬಂದು ನೀರಿಗೆ ಮೂತಿ ಇಟ್ಟವು. ಮುಚ್ಚಳ ತೆಗೆದರೆ ಸದ್ದಾಗುತ್ತದೆಂದು ಕಾಕು ಅದನ್ನು ಹಾಗೇ ಒತ್ತಿ ಹಿಡಿದು ಕೂತಳು. ಅವು ಕುಡಿದು ಮರಗಳ ನಡುವೆ ಮರೆಯಾಗುವಷ್ಟರಲ್ಲಿ ಹೊತ್ತು ಮುಳುಗಿತ್ತು.

"ಊಟ ತಪ್ಪಿತಲ್ರಿ ಕಾಕು," ಅಂದೆ.

ಅವಳ ಕಣ್ಣು ಹಳ್ಳದ ಮೇಲೇ ಇತ್ತು. "ಈ ನೀರ ಎಲ್ಲಿಗಿ ಹೋಗತೈತಿ?"

"ದೂಧಗಂಗಾಕ್ಕ ಕೂಡತೈತ್ರಿ. ಹರ್ಕೊಂತ ನಮ್ಮೂರಿಗೇ ಬರತೈತಿ."

ಇನ್ನೊಬ್ಬರು ಬಾಯಿಟ್ಟ ಲೋಟ ಮುಟ್ಟದ, ಬಟ್ಟೆಯಲ್ಲಿ ಸೋಸದೆ ನೀರು ಕುಡಿಯದ ಕಾಕು ತೆರೆಯದ ಡಬ್ಬಿಯನ್ನು ಬದಿಗಿಟ್ಟಳು.

"ಹಂಗಾದ್ರ ಇಷ್ಟ್ ವರ್ಷ ನಾವು ಇವುಗಳ ಎಂಜಲಾ ಕುಡದೇವಿ," ಅಂದಳು.

ಆಮೇಲೆ ತಲೆಯ ಮೇಲೆ ಸೆರಗು ಹೊದ್ದು, ಹಿಂಡು ಹೋದ ದಿಕ್ಕಿಗೆ ಕೈ ಮುಗಿದಳು.