ಜೆಸಿಬಿ ಮುಂದೆ ಕೂತ ಲಕ್ಷ್ಮೀಬಾಯಿ

ಜೆಸಿಬಿ ಮುಂದೆ ಆಕೆ ಕೂತೇಬಿಟ್ಟರು. ಬೀದರ್ ಜಿಲ್ಲೆಯ ಡಾಬಕಾ ಊರಲ್ಲಿ ಕುರಿ ಮೇಯಿಸುವ ಲಕ್ಷ್ಮೀಬಾಯಿ. ಅಲ್ಲಿನ ನೀರಿನ ಪೈಪ್‌ಲೈನ್ ಕೆಲಸಕ್ಕೆ ನಾನು ಪ್ರಾಜೆಕ್ಟ್ ಮ್ಯಾನೇಜರ್, ಮಳೆಗಾಲದೊಳಗೆ ಮುಗಿಸಲೇಬೇಕಿತ್ತು.

"ಮೇಡಂ, ತಿಂಗಳಗಟ್ಟಲೆ ತಗ್ಗು ತೆಗದಿಟ್ರ ನಮ್ಮ ಕುರಿ ಕೆರಿಗಿ ಹ್ಯಾಂಗ ಹೋಗ್ಬೇಕ್ರಿ? ಒಂದು ಮಾತು ಯಾಕ ಕೇಳ್ಲಿಲ್ರಿ?" ಎಂದರು.

ಪೊಲೀಸರನ್ನು ಕರೆಸೋಣ ಎಂದರು ಗುತ್ತಿಗೆದಾರರು. ಬೇಡವೆಂದೆ. ಯಂತ್ರ ನಿಲ್ಲಿಸಿ ಲಕ್ಷ್ಮೀಬಾಯಿ ಜೊತೆ ಕೆರೆಯವರೆಗೂ ನಡೆದೆ. ಕುರಿ ಹೋಗುವ ಜಾಗದಲ್ಲಿ ಬೆಳಿಗ್ಗೆ ತೋಡಿ, ಪೈಪ್ ಇಟ್ಟು, ಸಂಜೆಯೊಳಗೆ ಮುಚ್ಚುವುದೆಂದು ಆಕೆಯ ಎದುರೇ ತೀರ್ಮಾನಿಸಿದೆ. ಹಾಗೇ ಮಾಡಿದೆವು, ಕೆಲಸವೂ ಮುಗಿಯಿತು.

ಅದಾದ ಮೇಲಿನ ಭಾನುವಾರ ಬೀದರ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ಗಳ ತಿಂಗಳ ಕೂಟವಿತ್ತು. ನಾಯಕತ್ವದ ಬಗ್ಗೆ ಬರೆದುಕೊಂಡು ಹೋಗಿದ್ದ ಭಾಷಣ ಬಿಟ್ಟು, ಊರವರನ್ನು ಕೇಳದೆ ಕೆಲಸ ಶುರುಮಾಡಿದ ನನ್ನ ತಪ್ಪನ್ನೇ ಹೇಳಿದೆ. ಆಗ ಭಾಲ್ಕಿಯಲ್ಲಿ ರಸ್ತೆ ಕೆಲಸ ನೋಡಿಕೊಳ್ಳುವ ಹಿರಿಯರೊಬ್ಬರು ಎದ್ದರು: "ನಂದೂ ಹಂತಾದೇ ಒಂದು ತಪ್ಪ ಅದರಿ. ಹೇಳ್ಲೇನ್ರಿ?"

ಈಗ ಯಾವ ಊರಿಗೆ ಹೋದರೂ ಕೆಲಸಕ್ಕೆ ಮೊದಲು ಊರವರ ಜೊತೆ ಕೂತು ಕೇಳುತ್ತೇನೆ. ತಡವಾಯಿತೆಂದು ಮೇಲಿನವರಿಂದ ಬೈಸಿಕೊಂಡಿದ್ದೂ ಇದೆ. ಬಿಟ್ಟಿಲ್ಲ, ಬಿಡುವುದೂ ಇಲ್ಲ.