ಖಾಕಿ ಕಾಗದ ಹೊದ್ದ ಗೋಡೆಗಳು

ಖಾಕಿ ಕಾಗದಕ್ಕೆ ಅದರದೇ ಒಂದು ವಾಸನೆಯಿದೆ. ಹೊಸ ಪುಸ್ತಕ, ಅನ್ನದ ಅಂಟು ಮತ್ತು ಹೊಸ ತರಗತಿಯ ಸಣ್ಣ ಭಯ ಮೂರೂ ಬೆರೆತ ವಾಸನೆ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಜೂನ್ ತಿಂಗಳಲ್ಲೂ ಆ ಕಾಗದ ಹರಡಿಕೊಂಡಿತೆಂದರೆ ವಿದ್ಯಾರಂಭವಾಯಿತು ಎಂದೇ ಅರ್ಥ. ಅವ್ವ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ ಶ್ರದ್ಧೆಯನ್ನು ನೋಡಿದವರಿಗೆ ಒಳಗಿರುವುದು ಮೂರನೆಯ ಇಯತ್ತೆಯ ಗಣಿತವೋ ವೇದವೋ ಎಂಬ ಸಂಶಯ ಬರುವಂತಿತ್ತು. ವಿದ್ಯೆಯನ್ನು ಕಾಪಾಡುವ ಈ ಕಾಗದವನ್ನು ವಿದ್ಯೆಯನ್ನು ಮರೆಮಾಡುವುದಕ್ಕೂ ಬಳಸಬಹುದೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಟೆಕ್ಸಸ್ಸಿನ ಡಲ್ಲಾಸ್ ಬಳಿಯ ಯೂಲೆಸ್ ಎಂಬ ಊರಿನಲ್ಲಿ, ನಾನು ಏಣಿಯ ತುದಿಯಲ್ಲಿ ನಿಂತಿದ್ದಾಗ.

ಏಣಿ ಹತ್ತಿದ ಕಾರಣವನ್ನು ಹೇಳಬೇಕು. ಮಗಳು ಅನಘಾ ಆಗ ಮೂರನೆಯ ಕ್ಲಾಸು. ಪರೀಕ್ಷೆಯ ಹಿಂದಿನ ದಿನ ಅವಳ ಶಾಲೆಯವರು ಎತ್ತರದ ಪಾಲಕರು ಯಾರಾದರೂ ಬಂದು ನೆರವಾಗಬೇಕೆಂದು ಕೋರಿದ್ದರು. ನನ್ನಲ್ಲಿರುವ ಅರ್ಹತೆಗಳಲ್ಲಿ ನಿರ್ವಿವಾದವಾದದ್ದು ಇದೊಂದೇ ಆದ್ದರಿಂದ ಸಂಭ್ರಮದಿಂದಲೇ ಹೋದೆ. ಕೆಲಸವೆಂದರೆ ಗೋಡೆಗಳನ್ನು ಮುಚ್ಚುವುದು. ಅಕ್ಷರಮಾಲೆ, ಮಗ್ಗಿ, ಭೂಪಟ, ಮಕ್ಕಳು ಬರೆದ ಪದ್ಯಗಳು, ಯಾವುದೂ ಪರೀಕ್ಷೆಯ ದಿನ ಮಕ್ಕಳ ಕಣ್ಣಿಗೆ ಬೀಳಕೂಡದು. ವರ್ಷವಿಡೀ ಏನನ್ನು ನೋಡಿ ಎಂದು ಗೋಗರೆದಿದ್ದರೋ ಅದನ್ನೇ ನೋಡದಂತೆ ಅಗಲವಾದ ಖಾಕಿ ಸುರುಳಿ ಬಿಚ್ಚಿ ಹೊದಿಸಿದೆವು. ಗ್ರಹಣ ಕಾಲದಲ್ಲಿ ಬಾಗಿಲು ಹಾಕಿದ ಗುಡಿಯ ಹಾಗೆ ಕಂಡಿತು ಆ ಕೋಣೆ.

ಯಾವ ಮಗುವೂ ಹಿಂದೆ ಉಳಿಯಬಾರದೆಂಬ ಅಮೆರಿಕದ ಕೇಂದ್ರ ಸರಕಾರದ ಕಾನೂನು ಹೊಸದಾಗಿ ಬಂದಿದ್ದ ಕಾಲ ಅದು. ಪ್ರತಿ ಶಾಲೆಯೂ ಮಕ್ಕಳ ಅಂಕಗಳ ಮೂಲಕ ದೇಶಕ್ಕೆ ಉತ್ತರ ಹೇಳಬೇಕು. ಅದರ ಜೊತೆಗೆ, ಮೂರನೆಯ ಕ್ಲಾಸಿನ ಮಗು ಓದಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಅಲ್ಲೇ ಉಳಿಸಿಕೊಳ್ಳಬಹುದೆಂಬ ನಮ್ಮ ಟೆಕ್ಸಸ್ ರಾಜ್ಯದ ನಿಯಮ ಬೇರೆ. ಹಿಂದೆ ಉಳಿಯಬಾರದವರನ್ನು ಹಿಂದೆ ಉಳಿಸುವ ಈ ಏರ್ಪಾಡಿನ ಮೇಲೆ ಡಲ್ಲಾಸಿನ ಕನ್ನಡದ ಮನೆಗಳಲ್ಲಿ ಊಟಕ್ಕಿಂತ ಚರ್ಚೆಯೇ ಹೆಚ್ಚು ಬಡಿಸಲ್ಪಡುತ್ತಿತ್ತು. ಬೆಳಗಾವಿಯಿಂದ ಬಂದು ಇಲ್ಲಿ ಅಂಗಡಿ ಇಟ್ಟಿದ್ದ ಪಾಟೀಲ ಅಂಕಲ್ ಕಾನೂನಿನ ಕಡೆ.

“ಹೇಳೋರು ಕೇಳೋರು ಇರಬೇಕ್ರಿ. ಬಡವರ ಮಕ್ಕಳು ಓದಾಕ ಬರದಿದ್ರೂ ಮ್ಯಾಲಿನ ಕ್ಲಾಸಿಗೆ ದಾಟಿ ಹೋಗ್ತಿದ್ವು, ಯಾರೂ ಕೇಳ್ತಿರ್ಲಿಲ್ಲ. ಈಗರೆ ಕೇಳ್ತಾರ!”

ಆಸ್ಟಿನ್ನಿನಲ್ಲಿ ಶಿಕ್ಷಣಶಾಸ್ತ್ರ ಓದುತ್ತಿದ್ದ ಮೈಸೂರಿನ ಸಲೀಂ ರಜೆಗೆ ಬಂದಾಗಲೆಲ್ಲ ಎದುರು ಪಕ್ಷ. “ಅಂಕಲ್, ಜ್ವರ ಇದ್ಯಾ ಅಂತ ಥರ್ಮಾಮೀಟರ್ ಇಡಿ, ಬೇಡ ಅನ್ನಲ್ಲ. ಊಟದ ಹೊತ್ತಲ್ಲೂ ಬಾಯಲ್ಲಿ ಅದೇ ಇದ್ರೆ ಮಗು ತಿನ್ನೋದ್ಹೇಗೆ?”

“ನೀ ಪಿಎಚ್‌ಡಿ ಮುಗಸೂದು ಯಾವಾಗಪಾ? ನಿನಗ ಮೊದಲ ಒಂದ್ ಪರೀಕ್ಷಾ ಇಡಬೇಕು!”

ನನಗೋ, ಪಾಟೀಲರು ಮಾತಾಡುವಾಗ ಪಾಟೀಲರು ಸರಿ, ಸಲೀಂ ಮಾತಾಡುವಾಗ ಸಲೀಮನೇ ಸರಿ. ಇದನ್ನು ಔದಾರ್ಯವೆಂದು ನಾನೂ ಬೆನ್ನೆಲುಬಿಲ್ಲದಿರುವಿಕೆಯೆಂದು ನನ್ನ ಹೆಂಡತಿಯೂ ಕರೆಯುತ್ತೇವೆ. ಆದರೆ ಇದು ನನ್ನ ಸ್ವಯಾರ್ಜಿತವಲ್ಲ, ಅವ್ವನಿಂದ ಬಂದ ಆಸ್ತಿ. ಅವ್ವನ ಕಥೆಗಳಿಗೆ ನೀತಿಯೆಂಬ ಬಾಲ ಇರುತ್ತಿರಲಿಲ್ಲ. ಕಥೆ ಮುಗಿದೊಡನೆ ಕೇಳಿದವರು ಯಾರಾದರೊಬ್ಬರ ವಕಾಲತ್ತು ಹಿಡಿಯಬೇಕು, ಅವಳು ಅವರ ಎದುರಾಳಿಯ ವಕಾಲತ್ತು ಹಿಡಿಯುತ್ತಾಳೆ. ಆ ವರ್ಷ ಚಳಿ ಮುಗಿಯುವ ಮೊದಲೇ ನಮ್ಮಲ್ಲಿಗೆ ಬಂದಿದ್ದ ಅವ್ವ, ಮಧ್ಯಾಹ್ನ ಶಾಲೆ ಬಿಟ್ಟು ಬಂದ ಮೊಮ್ಮಗಳ ಜಡೆ ಬಿಚ್ಚಿ ಹೆಣೆಯುತ್ತ ಈ ನ್ಯಾಯಾಲಯವನ್ನು ಯೂಲೆಸ್ಸಿನಲ್ಲಿಯೂ ಸ್ಥಾಪಿಸಿದ್ದಳು.

ಗುಬ್ಬಿಯೊಂದು ಶಾಲೆಯ ಗಂಟೆಯೊಳಗೆ ಗೂಡು ಕಟ್ಟಿ ಮೊಟ್ಟೆ ಇಟ್ಟಿತಂತೆ. ಮೊಟ್ಟೆ ಒಡೆದೀತೆಂದು ಜವಾನ ಗಂಟೆ ಬಾರಿಸಲಿಲ್ಲವಂತೆ. ಗಂಟೆ ಆಗದೆ ಮಾಸ್ತರರು ಪಾಠ ನಿಲ್ಲಿಸಲಿಲ್ಲ, ಹೊತ್ತು ಮುಳುಗಿದರೂ ಮಕ್ಕಳು ಬರಲಿಲ್ಲವೆಂದು ತಾಯಂದಿರು ಬಡಿಗೆ ಹಿಡಿದು ಬಂದರಂತೆ. ತಪ್ಪು ಯಾರದು? ಅನಘಾ ಕನ್ನಡ ಕೇಳಿ ಇಂಗ್ಲಿಷ್ ಬೆರೆಸಿ ವಾದಿಸುವಳು. “ಬಟ್ ಅಜ್ಜಿ, ಗುಬ್ಬಿ ಈಸ್ ಆಲ್ಸೋ ಎ ಮದರ್!” ಅವ್ವನಿಗೆ ಇಂಗ್ಲಿಷ್ ಬಾರದು, ಆದರೆ ವಾದ ಬರುತ್ತದೆ. “ಮತ್ತ ಆ ಹಸದ ಹುಡುಗರ ಗತಿ ಏನವಾ?”

ಇಂಥ ಗುರುಕುಲದಿಂದ ಹೋದ ಹುಡುಗಿ ಅಭ್ಯಾಸ ಪರೀಕ್ಷೆಗೆ ಕುಳಿತರೆ ಏನಾಗಬೇಕೋ ಅದೇ ಆಯಿತು. ಕಳೆದುಹೋದ ನಾಯಿಯ ಕಥೆಯೊಂದನ್ನು ಕೊಟ್ಟು ಅದರ ಮುಖ್ಯ ವಿಚಾರವೇನೆಂದು ಕೇಳಿದ್ದರು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಬದಲು ಅನಘಾ ಅಂಚಿನಲ್ಲಿ ‘ನಾಯಿಯನ್ನು ಕೇಳಿದಿರಾ?’ ಎಂದು ಬರೆದು ಕಾಗದ ಕೊಟ್ಟು ಬಂದಿದ್ದಳು. ಉಳಿದ ಪ್ರಶ್ನೆಗಳಿಗೂ ಹೀಗೆಯೇ ಅಂಚಿನಲ್ಲೇ ಉತ್ತರ. ಫೇಲಾದಳು. ಅವಳ ಟೀಚರ್ ಮಿಸ್ ಹಾರ್ಪರ್ ಆ ಹಾಳೆಯನ್ನು ನನಗೆ ತೋರಿಸಿದಾಗ ನಗುತ್ತಲೂ ಇದ್ದರು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದರು. “ನನ್ನ ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಓದುವ ಮಗು ಇನ್ನೊಂದಿಲ್ಲ. ಆದರೆ ಅಂಚಿನಲ್ಲಿ ಬರೆದದ್ದು ಅಂಕ ಹಾಕುವ ಮಷೀನಿಗೆ ಕಾಣುವುದಿಲ್ಲ. ಇವಳನ್ನು ಮೂರರಲ್ಲೇ ಕೂರಿಸಿದರೆ ನಾನು ಯಾವ ಮುಖ ಇಟ್ಟುಕೊಂಡು ಪಾಠ ಮಾಡಲಿ?”

ಮನೆಯಲ್ಲಿ ಆ ಸಂಜೆ, ಕಥೆಗಳೇ ಹುಡುಗಿಯನ್ನು ಫೇಲು ಮಾಡಿದವೆಂದು, ಗುಬ್ಬಿ, ಜವಾನ, ಮಾಸ್ತರರು ಎಲ್ಲರೂ ಆರೋಪಿಗಳಾದರು. ಎಲ್ಲ ತಿಳಿದುಕೊಂಡ ಅವ್ವ ಪರೀಕ್ಷೆಯ ಬೆಳಿಗ್ಗೆ ಮೊಸರು ಸಕ್ಕರೆಯ ಬಟ್ಟಲು ಹಿಡಿದು ಮೊಮ್ಮಗಳನ್ನು ಎದುರು ನಿಲ್ಲಿಸಿಕೊಂಡಳು.

“ಬಂಗಾರಿ, ಬ್ಯಾರೆಯವರ ಮನೀಗೆ ಊಟಕ್ಕ ಹೋದ್ರ ಅವರು ಬಡಿಸಿದ್ದು ಉಣತೀವೋ ಇಲ್ಲೋ? ಹಂಗಽ ಇದು. ಅವರಿಗೆ ಏನ್ ಬೇಕೋ ಅದನ್ನ ಕೊಟ್ಟು ಬಾ. ನಿಂದು ಏನೈತೆಲ್ಲಾ, ಅದನ್ನ ಮನೀಗೆ ತಗೊಂಡು ಬಾ.”

ಅದೇ ದಿನ ಶಾಲೆಯ ಕಾರಿಡಾರಿನಲ್ಲಿ ಚಿಕ್ಕ ಕ್ಲಾಸಿನ ಮಕ್ಕಳು ಸಾಲಾಗಿ ನಿಂತು, ಮಲ್ಲರನ್ನು ಅಖಾಡಕ್ಕೆ ಕಳಿಸುವಂತೆ ಚಪ್ಪಾಳೆ ಹೊಡೆದು ಅಣ್ಣ ಅಕ್ಕಂದಿರನ್ನು ಒಳಗೆ ಬಿಟ್ಟರು. ಅನಘಾ ಖಾಕಿ ಹೊದ್ದ ಗೋಡೆಗಳ ನಡುವೆ ಕುಳಿತು, ಅವರಿಗೆ ಬೇಕಾದದ್ದನ್ನು ಕೊಟ್ಟು ಬಂದಳು. ಸಂಜೆ ಅವ್ವ ಆಸೆಯಿಂದ, “ಏನ್ ಕತಿ ಇತ್ತಽ?” ಎಂದು ಕೇಳಿದರೆ, ಪರೀಕ್ಷೆಯಲ್ಲಿದ್ದುದನ್ನು ಹೊರಗೆ ಹೇಳಬಾರದೆಂದು ಟೀಚರ್ ಕಟ್ಟಪ್ಪಣೆ ಮಾಡಿದ್ದಾರೆಂದಳು. “ಬಾಯಿಗೂ ಕಾಗದ ಹಚ್ಯಾರೇನು!” ಎಂದು ಅವ್ವ ನಕ್ಕಳು.

ಫಲಿತಾಂಶ ಬಂದಾಗ ಅನಘಾ ಪಾಸಾಗಿದ್ದಳು, ಚೆನ್ನಾಗಿಯೇ ಪಾಸಾಗಿದ್ದಳು. ಮಿಸ್ ಹಾರ್ಪರ್ ಫೋನಿನಲ್ಲೇ ಕುಣಿದರು. ನಾವೂ ಪಾಯಸ ಮಾಡಿದೆವು. ಆದರೆ ಆ ವಾರ ಅವ್ವ ಜಡೆ ಹೆಣೆಯುತ್ತ ಹೊಸ ಕಥೆಯೊಂದನ್ನು ಮುಗಿಸಿ ತಪ್ಪು ಯಾರದೆಂದು ಕೇಳಿದಾಗ, ಅನಘಾ ತಿರುಗಿಯೂ ನೋಡದೆ, “ಮೇನ್ ಐಡಿಯಾ, ದುರಾಸೆ ಒಳ್ಳೇದಲ್ಲ. ಆನ್ಸರ್ ಸಿ,” ಎಂದು ಎದ್ದು ಆಡಲು ಓಡಿದಳು. ಅವ್ವನ ಕೈಯಲ್ಲಿ ಬಾಚಣಿಗೆ ಹಾಗೇ ಉಳಿಯಿತು. “ಜಾಣಿ ಆಗ್ಯಾಳ ಬಿಡು,” ಎಂದಳು. ಬೇಸಿಗೆ ಪೂರ್ತಿ ನಮ್ಮ ಮನೆಯ ನ್ಯಾಯಾಲಯಕ್ಕೆ ಕಕ್ಷಿದಾರರೇ ಬರಲಿಲ್ಲ. ಕಾನೂನಿನ ಪರ ವಿರುದ್ಧ ನಾನು ಕೇಳಿದ್ದ ಯಾರ ವಾದದಲ್ಲೂ ಈ ಮೌನ ಬಂದಿರಲಿಲ್ಲ.

ಆಗಸ್ಟಿನಲ್ಲಿ ನಾಲ್ಕನೆಯ ಕ್ಲಾಸು ಶುರುವಾಯಿತು. ಶಾಲೆಯ ಪುಸ್ತಕಗಳಿಗೆ ಕವರ್ ಹಾಕಿಸಬೇಕೆಂದು ಮಗಳು ಹೇಳಿದ್ದೇ ತಡ, ಊರಿಗೆ ಹೊರಡಲು ಸೂಟ್‌ಕೇಸು ತುಂಬುತ್ತಿದ್ದ ಅವ್ವ ಅದನ್ನು ಅಲ್ಲೇ ಬಿಟ್ಟು, ದಿನಸಿ ತಂದ ಕಾಗದದ ಚೀಲಗಳನ್ನು ಕತ್ತರಿಸಿ ನೆಲದ ಮೇಲೆ ಹರಡಿದಳು. ಅದೇ ಖಾಕಿ, ಅದೇ ವಾಸನೆ. ಮೊಮ್ಮಗಳು ಮಡಿಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿದ್ದಳು, ಅವ್ವ ಅಂಚು ತಿರುವುತ್ತಿದ್ದಳು. ಇಬ್ಬರೂ ಸೇರಿ ನಾಲ್ಕು ಮೂಲೆ ಮುಗಿಸಿದರು. ಆಮೇಲೆ ಅನಘಾ, ಕೈ ತೆಗೆಯದೆಯೇ, ಇಷ್ಟು ದಿನ ಯಾವುದೋ ಅಂಚಿನಲ್ಲಿ ಬರೆದಿಟ್ಟುಕೊಂಡದ್ದನ್ನು ಓದುವವಳಂತೆ ಮೆಲ್ಲಗೆ ಕೇಳಿದಳು:

“ಅಜ್ಜಿ, ಆ ಟೆಸ್ಟಲ್ಲಿ ನಾನು ಅವರಿಗೆ ಬೇಕಾದ್ದು ಕೊಟ್ಟೆ. ಬಟ್ ಗುಬ್ಬಿ... ಮೊಟ್ಟೆ ಒಡೆದು ಮರಿ ಬಂದ್ಮೇಲೆ, ಗಂಟೆ ಯಾರು ಬಾರಿಸಿದ್ರು?”

ಅವ್ವ ಕತ್ತರಿ ಕೆಳಗಿಟ್ಟಳು. ವಿಮಾನಕ್ಕೆ ಇನ್ನೂ ಹೊತ್ತಿತ್ತು.