ತೆಂಗಿನ ಬುಡದ ಅಣಬೆಯೂ ನನ್ನ ಗಂಭೀರ ಮುಖವೂ

ಈ ವಾರ ಬರೆಯುತ್ತಿರುವುದನ್ನು ನೀವು ನಂಬುವುದಿಲ್ಲ. ಬೇಡ, ನಂಬಲೇಬೇಡಿ, ನೋಡೇಬಿಡೋಣ! ಚೇಳೂರಿನ ತೋಟದಲ್ಲಿ ತೆಂಗಿನ ಮರದ ಬುಡಕ್ಕೆ ಅಂಟಿಕೊಂಡ ಒಂದು ಅಣಬೆಗೆ ನನ್ನ ಬಾಮೈದ ಗರಿಯ ಚಪ್ಪರ ಹಾಕಿ, ದಿನಾ ನೀರು ಚಿಮುಕಿಸಿ, ನಾಯಿ ಮೂಸದಂತೆ ಮುಳ್ಳುಬೇಲಿ ಕಟ್ಟಿ ಒಂದು ವರ್ಷ ಸಾಕಿದ.

ಸಾಕು ಅಂತ ಹೇಳಿದ್ದು ಯಾರು? ಇನ್ಯಾರು, ನಾನೇ.

(ತುಮಕೂರಿನಲ್ಲಿ ನನ್ನಷ್ಟು ಗಂಭೀರ ಮುಖ ಇಟ್ಟುಕೊಂಡು ಸುಳ್ಳು ಹೇಳುವ ಎಪ್ಪತ್ತೆರಡರ ಮುದುಕ ಇನ್ನೊಬ್ಬನಿದ್ದರೆ ಕರೆತನ್ನಿ. ಟೀ ನನ್ನದು.)

ಹೋದ ವರ್ಷ ಯುಗಾದಿ ಮುಗಿದ ವಾರ ಹೆಂಡತಿಯ ತವರಿಗೆ ಹೋಗಿದ್ದೆ. ಬಾಮೈದ ರುದ್ರಪ್ಪ ತೋಟ ಸುತ್ತಿಸಿದ. ಬೋರ್‌ವೆಲ್ ಪಕ್ಕದ ಸಾಲಿನ ಕೊನೆಯ ಮರದ ಬುಡದಲ್ಲಿ ಅಂಗೈ ಅಗಲದ, ಕಂದು ಬಣ್ಣದ, ವಾರ್ನಿಶ್ ಬಳಿದಂತೆ ಹೊಳೆಯುವ ಅಣಬೆ. ಗೋಡೆಗೆ ಹೊಡೆದ ಶೆಲ್ಫಿನಂತೆ ಅಡ್ಡಡ್ಡ ಬೆಳೆದಿತ್ತು.

"ಏನ್ ಭಾವ ಇದು? ನಾಯಿಕೊಡೆ ಅನ್ನಕ್ಕೂ ಆಗಲ್ಲ, ಕಲ್ಲಿದ್ದಂಗೈತೆ."

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲವಲ್ಲ! ಮೊದಲು ನಿಜದಿಂದ ಶುರು ಮಾಡಿದೆ. (ಒಳ್ಳೆಯ ಸುಳ್ಳಿಗೆ ನಿಜದ ಅಸ್ತಿವಾರ ಬೇಕು.) ನಮ್ಮಜ್ಜಿ ಹಲಸಿನ ಮರದಲ್ಲಿ ಬೆಳೆಯುವ ಇಂಥದ್ದೇ ಅಣಬೆಯನ್ನು ಒಣಗಿಸಿಟ್ಟು, ಕಲ್ಲಿನ ಮೇಲೆ ತೇದು, ಜೊಲ್ಲು ಸುರಿಸುವ ಕೂಸುಗಳ ವಸಡಿಗೆ ಹಚ್ಚುತ್ತಿದ್ದಳು. ಒಣಗಿದ ತುಂಡಿಗೆ ಕೆಂಡ ತಾಗಿಸಿದರೆ ಉರಿಯುತ್ತಲೂ ಇರಲಿಲ್ಲ, ಆರುತ್ತಲೂ ಇರಲಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತಿತ್ತು. ಕೊಟ್ಟಿಗೆಯ ಸೊಳ್ಳೆಗೆ ಅದೇ ಹೊಗೆ. ಪಕ್ಕದ ಮನೆಯಿಂದ ಒಲೆಗೆ ಬೆಂಕಿ ತರಲೂ ಅದೇ ತುಂಡು. ಇಷ್ಟೂ ನಾನು ಕಣ್ಣಾರೆ ಕಂಡದ್ದು.

ಇಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಮುಚ್ಚಿದೆನಾ?

"ಈಗ ಇದ್ನೇ ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬ್ತಾರೆ ಕಣೋ. ಕಾಫಿಗೂ ಬೆರೆಸ್ತಾರೆ. ಫಾರಿನ್ನೋರು ಕ್ಯೂ ನಿಂತವ್ರೆ. ಮುಟ್ಬೇಡ, ಇನ್ನೂ ಎಳೇದು. ನೆರಳು ಮಾಡು, ನೀರು ಕೊಡು. ಪಕ್ಕದ್ ಮರಕ್ಕೂ ಹಬ್ಬಿದ್ರೆ ನಿನ್ ಅದೃಷ್ಟ."

ಬಸ್ಸಿನಲ್ಲಿ ಗುಬ್ಬಿ ಬರುವವರೆಗೂ ಒಬ್ಬನೇ ನಕ್ಕೆ. ಆಮೇಲೆ ಮರೆತೆ.

ಕಳೆದ ತಿಂಗಳು ಕುಣಿಗಲ್‌ನಿಂದ ಬೀಗರು ಬಂದಿದ್ದರು. (ಮಗಳ ಮಾವ. ತೋಟಗಾರಿಕೆ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ರಿಟೈರ್ ಆದವರು.) ನಗಿಸೋಣವೆಂದು ಈ ಕಥೆ ಬಿಟ್ಟೆ. ಬೀಗರು ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟರು.

"ಬೀಗ್ರೇ, ಅದು ಅಣಬೆ ರೋಗ. ಬುಡದಲ್ಲಿ ಅಣಬೆ ಕಂಡ್ರೆ ಆ ಮರ ಹೋದಂಗೇ. ಕಡಿದು ಸುಡ್ಬೇಕು, ಸುತ್ತ ಟ್ರೆಂಚ್ ಹೊಡೀಬೇಕು. ಆ ಪಾತಿ ನೀರು ಪಕ್ಕದ ಮರಕ್ಕೆ ಹರೀಲೇಬಾರ್ದು. ನೀವು ನೀರ್ ಹಾಕು ಅಂದ್ರಾ?"

ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು. "ಆ ಸಾಲಿನ ಹದಿನಾಲ್ಕು ಮರಾನೂ ನಮ್ಮಮ್ಮ ಕೊಡದಲ್ಲಿ ನೀರು ಹೊತ್ತು ಬೆಳ್ಸಿದ್ದು ಕಣ್ರೀ. ನಿಮ್ ನಾಲ್ಗೆಗೆ..." ಮುಂದಿನದ್ದು ಅಚ್ಚು ಹಾಕುವಂಥದ್ದಲ್ಲ.

ತಕ್ಷಣ ಫೋನ್ ಮಾಡಿದೆ.

"ರುದ್ರಪ್ಪ, ಆ ಅಣಬೆ ರೋಗ ಕಣೋ. ಮರ ಕಡ್ಸು."

"ಹ್ಹೆಹ್ಹೆ! ಎರಡ್ನೇ ಮರಕ್ಕೂ ಬಂದೈತೆ ಭಾವ. ನಿಮ್ಗೆ ಹೊಟ್ಟೆಕಿಚ್ಚು."

"ದೇವ್ರಾಣೆಗೂ ನಿಜ ಕಣೋ!"

"ಲೋನಿಗೆ ಎಮ್ಮೆದೂ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕು ಅಂದಾಗ್ಲೂ ದೇವ್ರಾಣೆ ಹಾಕಿದ್ರಿ. ಗುಬ್ಬಿ ಸ್ಟುಡಿಯೋ ತಂಕ ಹೊಡ್ಕೊಂಡು ಹೋಗಿದ್ದೆ."

(ಹೋಗಿದ್ದ. ಎಮ್ಮೆಗೆ ಸ್ನಾನ ಮಾಡಿಸಿ, ಕೊಂಬಿಗೆ ಎಣ್ಣೆ ಸವರಿ. ನನ್ನ ಅತ್ಯುತ್ತಮ ಕೆಲಸಗಳಲ್ಲಿ ಅದೂ ಒಂದು.)

ನೋಡಿ ನನ್ನ ಕರ್ಮ! ಐವತ್ತು ವರ್ಷ ಹೇಳಿದ ಸುಳ್ಳನ್ನೆಲ್ಲ ಒಂದೇ ಸಲಕ್ಕೆ ನಂಬಿದವರು, ಒಂದೇ ಒಂದು ನಿಜ ಹೇಳಿದರೆ ಹಲ್ಲು ಕಿರಿಯುತ್ತಾರೆ. ಮೂರು ದಿನ ಫೋನಿನಲ್ಲಿ ಕಿರುಚಿದೆ. ವಾಟ್ಸಾಪ್‌ಗೆ ರೋಗದ ಫೋಟೋ ಕಳಿಸಿದೆ. ಅವನು ತನ್ನ ಅಣಬೆಯ ಫೋಟೋ ವಾಪಸ್ ಕಳಿಸಿದ, ಕೆಳಗೆ "ನಮ್ದೇ ದಪ್ಪ" ಅಂತ. ತಲೆ ಚಚ್ಚಿಕೊಳ್ಳದೆ ಇನ್ನೇನು ಮಾಡಲಿ? ಇದೇನು ಜನ ರೀ ನಾವು? ಕ್ಯಾಪ್ಸೂಲ್ ಎಂದರೆ ಮರುಮಾತಿಲ್ಲ. ಕಡಿ, ಅಗೆ, ಸುಡು ಎಂದರೆ ಮಾತ್ರ ನೂರೆಂಟು ಅನುಮಾನ!

ಕೊನೆಗೆ ಬೀಗರನ್ನೇ ಬಸ್ ಹತ್ತಿಸಿಕೊಂಡು ಚೇಳೂರಿಗೆ ಹೋದೆ. ರುದ್ರಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, "ಈ ಸಲ ಆಫೀಸರ್ ವೇಷ ಬೀಗ್ರಿಗೇ ಹಾಕ್ಸಿದ್ರಾ ಭಾವ?" ಎಂದ.

ಬೀಗರು ಪಂಚೆ ಎತ್ತಿ ಕಟ್ಟಿದರು. ಮಚ್ಚು ಇಸಿದುಕೊಂಡು ಬುಡಕ್ಕೆ ಒಂದೇಟು ಹಾಕಿದರು. ಗಟ್ಟಿಯಿರಬೇಕಾದ ಬುಡದ ಚಕ್ಕೆ ಕಾಫಿಯಲ್ಲಿ ನೆನೆದ ರಸ್ಕಿನಂತೆ ಕಳಚಿ ಬಿತ್ತು. ಒಳಗೆಲ್ಲ ಕಂದು ಕೊಳೆ. ಎರಡನೆಯ ಮರವೂ ಅಷ್ಟೇ. ಮೂರನೆಯದರ ಕಾಂಡದಿಂದ ಕಂದು ರಸ ಸೋರುತ್ತಿತ್ತು, ಕೆಳಗಿನ ಗರಿಗಳು ಜೋತುಬಿದ್ದಿದ್ದವು.

ರುದ್ರಪ್ಪ ಚಪ್ಪರದ ಗೂಟ ಹಿಡಿದು ಕುಕ್ಕರಿಸಿದ. "ಬೆಳಿಗ್ಗೆ ಎದ್ದು ಮೊದ್ಲು ಇದ್ಕೇ ನೀರ್ ಹಾಕ್ತಿದ್ದೆ ಭಾವ" ಎಂದ.

ಮೂರು ಮರ ಕಡಿಸಿ, ಬೊಡ್ಡೆ ಅಗೆಸಿ ಸುಟ್ಟೆವು. ಸುತ್ತ ಟ್ರೆಂಚ್ ತೆಗೆಸಿದೆವು. ಉಳಿದ ಹನ್ನೊಂದಕ್ಕೆ ಬೇವಿನ ಹಿಂಡಿ, ಔಷಧಿ. ಉಳಿಯುತ್ತವಾ? ಬೀಗರು ಖಾತ್ರಿ ಕೊಡಲಿಲ್ಲ. ಬಸ್ ಸ್ಟಾಪಿನವರೆಗೆ ಬಂದ ರುದ್ರಪ್ಪನ ಕೈ ಹಿಡಿದು ತಪ್ಪಾಯಿತು ಎಂದೆ. "ಬುಡಿ ಭಾವ, ಆಗಿದ್ದಾಯ್ತು" ಎಂದ.

ಇದರಲ್ಲಿ ಒಂದೇ ಒಂದು ವಿಷಯ ನಾನು ಕಟ್ಟಿದ್ದು. ಎಮ್ಮೆ ನಿಜ, ಚಪ್ಪರ ನಿಜ, ಕಳಚಿ ಬಿದ್ದ ಚಕ್ಕೆಯೂ ನಿಜ. ಬಸ್ ಸ್ಟಾಪಿನ ಮಾತು ಮಾತ್ರ ಸುಳ್ಳು. ಬಾಯಿ ತೆರೆದೆ, ಸೀಟು ಸಿಗುತ್ತೋ ಇಲ್ಲವೋ ಎಂದು ಏನೋ ಗೊಣಗಿ ಬಸ್ ಹತ್ತಿಬಿಟ್ಟೆ.

ಪೇಪರ್ ಓದ್ತೀಯಲ್ಲ ರುದ್ರಪ್ಪ, ತಪ್ಪಾಯ್ತು ಕಣೋ.